ಮನೆ ಮುಂದೆ ಹಾದು ಹೋದ ಡಬ್ಬಿ

2021ರ ಮೇ ತಿಂಗಳು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಎರಡು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತಿದ್ದೆ. ಒಂದರಲ್ಲಿ ಆಫೀಸಿನ ಕೆಲಸ, ಇನ್ನೊಂದರಲ್ಲಿ ಔಷಧಿ ಹುಡುಕುವ ಕೆಲಸ. ನಮ್ಮ ದೊಡ್ಡಪ್ಪ ಕಲಬುರಗಿಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದರು. ಹೊರಗೆ ಅವರ ಮಗ, ನಮ್ಮಣ್ಣ, ಮೂರು ದಿನದಿಂದ ಮೆಟ್ಟಿಲ ಮೇಲೆ ಮಲಗುತ್ತಿದ್ದ. ಆ ಹೊತ್ತಿಗೆ ಯಾರೋ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಹಾಕಿದರು. ವಿಟಮಿನ್ ಸಿಯನ್ನು ದೊಡ್ಡ ಪ್ರಮಾಣದಲ್ಲಿ ನರಕ್ಕೆ ಕೊಟ್ಟರೆ ಐಸಿಯುನಲ್ಲಿದ್ದವರೂ ಎದ್ದು ಕೂರುತ್ತಾರೆ, ಅಮೆರಿಕದ ಡಾಕ್ಟರೊಬ್ಬರು ಸಾಬೀತು ಮಾಡಿದ್ದಾರೆ, ಅಂತ.

ಅಣ್ಣ ಸೂಪರ್ ಮಾರ್ಕೆಟ್ಟಿನ ಮೆಡಿಕಲ್ ಅಂಗಡಿಗಳನ್ನೆಲ್ಲ ತಿರುಗಿದ. ಚೀಪುವ ಮಾತ್ರೆಯೇ ಸರಿಯಾಗಿ ಸಿಗುತ್ತಿಲ್ಲ, ಇನ್ನು ಇಂಜೆಕ್ಷನ್ ಎಲ್ಲಿಂದ ಬರಬೇಕು? ಕೊನೆಗೆ ಹೈದರಾಬಾದಿನಲ್ಲಿದ್ದ ನನ್ನ ಕಾಲೇಜು ಗೆಳೆಯ ಒಂದು ಡಬ್ಬಿ ಹುಡುಕಿ, ಔಷಧಿ ಸಾಗಿಸುವ ಗಾಡಿಯೊಂದರಲ್ಲಿ ಹಾಕಿ ಕಳಿಸಿದ. ಜಹೀರಾಬಾದ್, ಹುಮನಾಬಾದ್ ದಾಟಿ ಕಲಬುರಗಿಗೆ ಬರಬೇಕಾದರೆ ಗಾಡಿ ಕಮಲಾಪುರದ ಮೇಲೇ ಬರಬೇಕು. ಕಮಲಾಪುರದಲ್ಲಿ ನಮ್ಮ ಮನೆ ಆ ರೋಡಿಗೇ ಹತ್ತಿಕೊಂಡಿದೆ. ಡಬ್ಬಿ ನಸುಕಿನಲ್ಲಿ ಮನೆ ಮುಂದೆ ಹಾದು ಹೋಯಿತು. ಅದು ಕಲಬುರಗಿ ಮುಟ್ಟುವ ಒಂದು ತಾಸು ಮೊದಲು ದೊಡ್ಡಪ್ಪ ಹೋಗಿದ್ದರು.

"ಔಷಧ ನಮ್ಮ ಮನಿ ಮುಂದ ಹಾದು ಹೋಯ್ತು ನೋಡ್ ತಮ್ಮಾ" ಅಂತ ದೊಡ್ಡವ್ವ ಅಂದು ಅತ್ತವಳು, ಮುಂದೆ ಎರಡು ವರ್ಷ ಅದೇ ಮಾತು ಹೇಳುತ್ತಿದ್ದಳು. ಒಂದು ದಿನ ಮೊದಲು ಆ ಮೆಸೇಜ್ ನೋಡಿದ್ದರೆ? ಗೆಳೆಯನಿಗೆ ರಾತ್ರಿಯೇ ಫೋನ್ ಮಾಡಿದ್ದರೆ? ನನ್ನ ತಲೆಯಲ್ಲೂ ಇದೇ ಓಡುತ್ತಿತ್ತು. ಈ ಲೇಖನ ಶುರುವಾಗಿದ್ದು ಆ "ಮಾಡಿದ್ದರೆ" ಅನ್ನೋ ಮಾತಿನಿಂದ. ನಾನು ಡಾಕ್ಟರ್ ಅಲ್ಲ, ಬಿಇ ಓದಿ ಕೋಡ್ ಬರೆಯುವವ. ಆದರೆ ಏನಾದರೂ ಕೆಟ್ಟರೆ ಹಿಂದಿನ ಲಾಗ್‌ಗಳನ್ನೆಲ್ಲ ತೆಗೆದು ಎಲ್ಲಿಂದ ಶುರುವಾಯಿತು ಅಂತ ನೋಡುವುದು ನಮ್ಮ ಕೆಲಸದ ಚಟ. ಆ ಮೆಸೇಜ್ ಎಲ್ಲಿಂದ ಬಂತು ಅಂತ ಹುಡುಕುತ್ತ ಹೋದೆ.

ಕೊರೊನಾ ನಮ್ಮ ಊರಿಗೆ ಹೊಸದೇನಲ್ಲ ಬಿಡಿ. 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು ಇಡೀ ದೇಶದಲ್ಲೇ ಮೊದಲ ಕೊರೊನಾ ಸಾವು. ಸೌದಿಯಿಂದ ಬಂದಿದ್ದರು, ಹೈದರಾಬಾದಿಗೆ ಒಯ್ದು ವಾಪಸ್ ತಂದಿದ್ದರು. ಸೋಂಕು ಇತ್ತು ಅಂತ ಖಾತ್ರಿಯಾಗಿದ್ದು ಮಾರ್ಚ್ 12ಕ್ಕೆ. ಅಲ್ಲಿಂದ ಮುಂದೆ ನಮ್ಮ ಕಡೆ ಮನೆಮನೆಗೂ ಒಂದೇ ಚೀಟಿ: ವಿಟಮಿನ್ ಸಿ, ಜಿಂಕ್, ವಾರಕ್ಕೊಮ್ಮೆ 60 ಸಾವಿರ ಯೂನಿಟ್ಟಿನ ವಿಟಮಿನ್ ಡಿ. ಜ್ವರ ಬಂದವರಿಗೂ ಅದೇ, ಬರದವರಿಗೂ ಅದೇ. ನಮ್ಮ ಓಣಿಯಲ್ಲಿ ಚುಕ್ಕೋಳಿಗೆ ಪೆಪ್ಪರಮೆಂಟಿನ ಬದಲು ಕಿತ್ತಳೆ ಬಣ್ಣದ ಲಿಮ್ಸಿ ಮಾತ್ರೆ ಕೊಡುತ್ತಿದ್ದರು.

ವಿಟಮಿನ್ ಸಿ ಮತ್ತು ವೈರಸ್ಸಿನ ಈ ನಂಟಿಗೆ ಸುಮಾರು 90 ವರ್ಷ ವಯಸ್ಸು. 1935ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಲಾಸ್ ಯುಂಗೆಬ್ಲುಟ್ ಎಂಬ ವಿಜ್ಞಾನಿ ಪೋಲಿಯೊ ವೈರಸ್ ಹಾಕಿದ ಕೋತಿಗಳಿಗೆ ವಿಟಮಿನ್ ಸಿ ಕೊಟ್ಟು, ಕೆಲವಕ್ಕೆ ಲಕ್ವ ಹೊಡೆಯಲಿಲ್ಲ ಎಂದು ಬರೆದ. ದೊಡ್ಡ ಸುದ್ದಿ. 1939ರಲ್ಲಿ ಆಲ್ಬರ್ಟ್ ಸೇಬಿನ್ ಅದೇ ಪ್ರಯೋಗ ಮತ್ತೆ ಮಾಡಿ ನೋಡಿದ. ಏನೂ ಫರಕು ಕಾಣಲಿಲ್ಲ. ಇದೇ ಸೇಬಿನ್ ಮುಂದೆ ಬಾಯಿಗೆ ಹಾಕುವ ಪೋಲಿಯೊ ಹನಿ ಕಂಡುಹಿಡಿದವ. ಅಲ್ಲಿಗೆ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 1949ರಲ್ಲಿ ನಾರ್ತ್ ಕೆರೊಲಿನಾದ ಸಣ್ಣ ಊರಿನ ಡಾಕ್ಟರ್ ಫ್ರೆಡರಿಕ್ ಕ್ಲೆನ್ನರ್, 60 ಪೋಲಿಯೊ ರೋಗಿಗಳಿಗೆ ವಿಟಮಿನ್ ಸಿ ಇಂಜೆಕ್ಷನ್ ಕೊಟ್ಟೆ, ಎಲ್ಲರೂ ಗುಣವಾದರು ಎಂದು ಬರೆದ. ಆದರೆ ಪೋಲಿಯೊ ವೈರಸ್ ಹೊಕ್ಕ ಬಹುತೇಕರಿಗೆ ಏನೂ ಕೊಡದಿದ್ದರೂ ಲಕ್ವ ಹೊಡೆಯುವುದಿಲ್ಲ. ಇಂಜೆಕ್ಷನ್ ಇಲ್ಲದ ಇನ್ನೊಂದು 60 ಮಂದಿಯನ್ನು ಪಕ್ಕದಲ್ಲಿಟ್ಟು ನೋಡದೆ ಆ ಮಾತಿಗೆ ತೂಕ ಇಲ್ಲ.

ಮುಂದಿನ ಹೆಸರು ದೊಡ್ಡದು, ಲೈನಸ್ ಪೌಲಿಂಗ್. 1954ರಲ್ಲಿ ರಸಾಯನಶಾಸ್ತ್ರದ ನೊಬೆಲ್, 1962ರದ್ದು ಶಾಂತಿಯ ನೊಬೆಲ್. ಇಂಥ ಮನುಷ್ಯ 1970ರಲ್ಲಿ ವಿಟಮಿನ್ ಸಿ ಮತ್ತು ನೆಗಡಿ ಮೇಲೆ ಪುಸ್ತಕ ಬರೆದರೆ ಯಾರು ಬ್ಯಾಡ ಅಂತಾರೆ? ನೆಗಡಿಯಿಂದ ಕ್ಯಾನ್ಸರ್ ತನಕ ಅವರು ಹೋದರು. ಮೇಯೊ ಕ್ಲಿನಿಕ್ಕಿನವರು ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷೆ ಮಾಡಿ 1979ರಲ್ಲಿ ಒಮ್ಮೆ, 1985ರಲ್ಲಿ ಇನ್ನೊಮ್ಮೆ ಉಪಯೋಗವಿಲ್ಲ ಎಂದರೂ ಪೌಲಿಂಗ್ ಕೊನೆತನಕ ಒಪ್ಪಲಿಲ್ಲ. ಅಂಗಡಿಯವರೂ ಒಪ್ಪಲಿಲ್ಲ ಅನ್ನಿ.

ಅಣ್ಣನ ಫೋನಿಗೆ ಬಂದ ಮೆಸೇಜಿನ "ಅಮೆರಿಕದ ಡಾಕ್ಟರ್" ಪಾಲ್ ಮಾರಿಕ್. ಆಗ ವರ್ಜೀನಿಯಾ ರಾಜ್ಯದ ನಾರ್ಫೋಕ್ ಊರಿನಲ್ಲಿ ಐಸಿಯು ತಜ್ಞರಾಗಿದ್ದರು. 2017ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿತ್ತು: ರಕ್ತಕ್ಕೆ ಸೋಂಕು ಏರಿ ಅಂಗಾಂಗ ಸೋಲುವ ಸೆಪ್ಸಿಸ್ ರೋಗಿಗಳು 47 ಮಂದಿಗೆ ವಿಟಮಿನ್ ಸಿ, ಬಿ1 ಮತ್ತು ಒಂದು ಸ್ಟಿರಾಯ್ಡ್ ಕೊಟ್ಟರು, ಸತ್ತವರು 4. ಅದಕ್ಕೂ ಹಿಂದಿನ ಏಳು ತಿಂಗಳಲ್ಲಿ, ಈ ಔಷಧಿ ಇಲ್ಲದೆ ಅದೇ ಐಸಿಯುನಲ್ಲಿದ್ದ 47 ಮಂದಿಯಲ್ಲಿ ಸತ್ತವರು 19.

ಮೊದಲ ಸಲ ಓದಿದಾಗ ನನ್ನ ಕೈ ತಣ್ಣಗಾಯಿತು. 19 ಎಲ್ಲಿ, 4 ಎಲ್ಲಿ! ಡಬ್ಬಿ ತಡವಾಗಿ ಬಂದಿದ್ದಕ್ಕೇ ದೊಡ್ಡಪ್ಪ ಹೋದರು ಅಂತ ಆ ರಾತ್ರಿ ನಂಬಿಬಿಟ್ಟೆ.

ಆದರೆ ನಮ್ಮ ಆಫೀಸಿನಲ್ಲಿ ಯಾರಾದರೂ ಹೀಗೆ ಹೋಲಿಸಿದರೆ ಮೀಟಿಂಗಿನಲ್ಲೇ ಹಿಡಿಯುತ್ತೇವೆ. ಕಳೆದ ತಿಂಗಳ ಗಿರಾಕಿಗಳಿಗೆ ಹಳೆ ಪೇಜ್, ಈ ತಿಂಗಳವರಿಗೆ ಹೊಸ ಪೇಜ್ ತೋರಿಸಿ "ನೋಡಿ, ಮಾರಾಟ ಏರಿತು" ಅಂದರೆ, ನಡುವೆ ದೀಪಾವಳಿ ಬಂದಿತ್ತಲ್ಲಪ್ಪಾ ಅಂತೀವಿ. ಒಂದೇ ಹೊತ್ತಿನಲ್ಲಿ ಬಂದವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ಒಬ್ಬರಿಗೆ ಇದು, ಇನ್ನೊಬ್ಬರಿಗೆ ಅದು ಕೊಟ್ಟರೆ ಮಾತ್ರ ಆ ಲೆಕ್ಕಕ್ಕೆ ಕಿಮ್ಮತ್ತು. ಆಸ್ಪತ್ರೆಯ ಪ್ರಯೋಗಕ್ಕೂ ಅದೇ ನಿಯಮ.

ಹಾಗೆ ಚೀಟಿ ಎತ್ತಿದ ಪ್ರಯೋಗಗಳು ಬರತೊಡಗಿದವು. 2019ರ ಒಂದರಲ್ಲಿ 167 ರೋಗಿಗಳು. ಯಾವುದನ್ನು ಅಳೆಯಲು ಹೊರಟಿದ್ದರೋ ಅದರಲ್ಲಿ ಬದಲಾವಣೆ ಇಲ್ಲ. ಆದರೆ ಸಾವು ಮಾತ್ರ ವಿಟಮಿನ್ ಸಿ ಗುಂಪಿನಲ್ಲಿ ನೂರಕ್ಕೆ 30, ಇನ್ನೊಂದರಲ್ಲಿ 46. ಆಸೆ ಜೀವ ಹಿಡಿದುಕೊಂಡಿತು. 2020ರ ಜನವರಿಯಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್‌ನ ಆಸ್ಪತ್ರೆಗಳ ಫಲಿತಾಂಶ ಬಂತು. ಮಾರಿಕ್ ಹೇಳಿದ ಆ ಮೂರರ ಮಿಶ್ರಣವನ್ನೇ ತೆಗೆದುಕೊಂಡು, ವಿಟಮಿನ್ ಇಲ್ಲದೆ ಸ್ಟಿರಾಯ್ಡ್ ಒಂದನ್ನೇ ಕೊಟ್ಟವರ ಜೊತೆ ಹೋಲಿಸಿ, 216 ಮಂದಿಯಲ್ಲಿ ನೋಡಿದ್ದರು. ಲಾಭವಿಲ್ಲ. ತಾರೀಖು ಗಮನಿಸಿ: ಕಲಬುರಗಿಯ ಆ ಮೊದಲ ಸಾವಿಗೂ ಎರಡು ತಿಂಗಳು ಮುಂಚಿನ ಮಾತಿದು. ಅಂದರೆ ನಮ್ಮ ಓಣಿಗೆ ಮೆಸೇಜ್ ಮುಟ್ಟುವಷ್ಟರಲ್ಲಿ ಅದರ ಬುಡ ಅಲ್ಲಾಡಿ ಒಂದು ವರ್ಷದ ಮೇಲಾಗಿತ್ತು. "ಲಾಭವಿಲ್ಲ" ಅನ್ನುವುದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

2022ರಲ್ಲಿ ಸೆಪ್ಸಿಸ್ ರೋಗಿಗಳ ಮೇಲಿನ ದೊಡ್ಡ ಪ್ರಯೋಗ ಲವಿಟ್ ಮುಗಿಯಿತು. 28ನೇ ದಿನಕ್ಕೆ ಸತ್ತವರು ಅಥವಾ ಇನ್ನೂ ಯಂತ್ರ, ಔಷಧಿಯ ಆಸರೆಯಲ್ಲಿ ಇದ್ದವರು: ವಿಟಮಿನ್ ಸಿ ಪಡೆದವರಲ್ಲಿ ನೂರಕ್ಕೆ 44.5, ಪಡೆಯದವರಲ್ಲಿ 38.5. ಲಾಭ ಹೋಗಲಿ, ನಷ್ಟವೇ ಕಾಣುತ್ತಿತ್ತು. ಕೊರೊನಾ ರೋಗಿಗಳ ಉತ್ತರ ಬಂದಿದ್ದು 2023ರ ಅಕ್ಟೋಬರಿನಲ್ಲಿ. ಎರಡು ಪ್ರಯೋಗಗಳನ್ನು ಜೋಡಿಸಿ 2,590 ರೋಗಿಗಳನ್ನು ನೋಡಿದ್ದರು. ದೊಡ್ಡಪ್ಪನಂತೆ ಐಸಿಯುನಲ್ಲಿದ್ದವರು ಅದರಲ್ಲಿ 1,568. ವಿಟಮಿನ್ ಸಿ ಪಡೆದವರಲ್ಲಿ ನೂರಕ್ಕೆ 61.9 ಮಂದಿ ಜೀವಂತ ಮನೆಗೆ ಹೋದರು, ಪಡೆಯದವರಲ್ಲಿ 64.6. ಅದೂ ಎಂಥ ಪ್ರಮಾಣ ಅಂತೀರಿ? ಕಿಲೋ ತೂಕಕ್ಕೆ 50 ಮಿಲಿಗ್ರಾಂ, ಆರಾರು ತಾಸಿಗೆ ಒಮ್ಮೆ. 60 ಕಿಲೋದ ಮನುಷ್ಯನಿಗೆ ದಿನಕ್ಕೆ 12 ಗ್ರಾಂ. ಚೀಪುವ ಮಾತ್ರೆ 24, ಅಥವಾ ದಿನಕ್ಕೆ 80 ಮಿಲಿಗ್ರಾಂ ಲೆಕ್ಕದಲ್ಲಿ ಮೈಗೆ ಐದು ತಿಂಗಳು ಸಾಲುವಷ್ಟು, ಒಂದೇ ದಿನದಲ್ಲಿ.

ವಿಟಮಿನ್ ಡಿ ಕಥೆಯೂ ಹೆಚ್ಚುಕಮ್ಮಿ ಇದೇ. ಸಾವೊ ಪೌಲೊದಲ್ಲಿ ಆಸ್ಪತ್ರೆ ಸೇರಿದ 240 ಕೊರೊನಾ ರೋಗಿಗಳಲ್ಲಿ ಅರ್ಧ ಮಂದಿಗೆ ಒಮ್ಮೆಲೇ 2 ಲಕ್ಷ ಯೂನಿಟ್ ಕೊಟ್ಟರು. ಆಸ್ಪತ್ರೆಯಲ್ಲಿ ಕಳೆದ ದಿನಗಳು ಎರಡೂ ಕಡೆ ಸಮ ಸಮ. 2021ರ ಫೆಬ್ರುವರಿಯಲ್ಲೇ ಅಚ್ಚಾಗಿತ್ತು ಇದು.

ಹಾಗಾದರೆ ಜೀವ ಉಳಿಸಿದ್ದು ಏನೂ ಇಲ್ಲವೇ? ಇತ್ತು. ಡೆಕ್ಸಾಮೆಥಸೋನ್, ಬಹಳ ಹಳೆಯ, ಬಹಳ ಸೋವಿ ಸ್ಟಿರಾಯ್ಡ್. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದವರ ಸಾವು ನೂರಕ್ಕೆ 41ರಿಂದ 29ಕ್ಕೆ ಇಳಿಯಿತು. 2020ರ ಜೂನಿನಿಂದ ಎಲ್ಲ ಕಡೆ ಕೊಡುತ್ತಿದ್ದರು. ದೊಡ್ಡಪ್ಪನ ಬಿಲ್ಲಿನಲ್ಲಿ ಅದೂ ಇತ್ತು. ಕೊಡಬೇಕಾದ್ದನ್ನು ಕೊಟ್ಟಿದ್ದರು. ಆದರೂ ಉಳಿಯಲಿಲ್ಲ.

ನನಗೆ ಅರ್ಥವಾದ ಮಟ್ಟಿಗೆ ಎಡವಿದ್ದು ಎಲ್ಲಿ ಅಂದರೆ, ಐಸಿಯು ರೋಗಿಗಳ ರಕ್ತದಲ್ಲಿ ವಿಟಮಿನ್ ಸಿ, ಡಿ ಕಡಿಮೆ ಇರುವುದು ನಿಜ. ಅದನ್ನು ನೋಡಿ, ಕಡಿಮೆ ಆಗಿದ್ದಕ್ಕೇ ಸಾಯುತ್ತಿದ್ದಾರೆ ಅಂದುಕೊಂಡರು. ಬೇನೆ ಜೋರಾದಾಗ ಅದೂ ಇಳಿಯುತ್ತದೆ, ಅಷ್ಟೇ. ಬರಗಾಲದಲ್ಲಿ ಬಾವಿ ಬತ್ತಿತು ಅಂತ ಬಾವಿಗೆ ಟ್ಯಾಂಕರ್ ನೀರು ಸುರಿದರೆ ಮಳೆ ಬರುತ್ತದೆಯೇ?

ಇಷ್ಟೆಲ್ಲ ಓದಿಕೊಂಡು 2023ರ ದೀಪಾವಳಿಗೆ ಕಮಲಾಪುರಕ್ಕೆ ಹೋದೆ. ಕಲಬುರಗಿ ಬಸ್‌ಸ್ಟ್ಯಾಂಡಿನಿಂದ ಹುಮನಾಬಾದ್ ಬಸ್ ಹತ್ತಿದರೆ ಮಹಾಗಾಂವ್ ಕ್ರಾಸ್ ದಾಟಿ ಒಂದು ತಾಸಿನೊಳಗೆ ನಮ್ಮೂರು. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಭೌಗೋಳಿಕ ಗುರುತೂ ಸಿಕ್ಕಿದೆ. ದೊಡ್ಡವ್ವ ಪಡಸಾಲೆಯಲ್ಲಿ ತಪ್ಪಲು ಸೋಸುತ್ತ ಕೂತಿದ್ದಳು. ಎದುರು ಕೂತು ಒಂದೊಂದೇ ಹೇಳಿದೆ. ಸಾವಿರದ ಮೇಲೆ ರೋಗಿಗಳಿಗೆ ಕೊಟ್ಟು ನೋಡ್ಯಾರ ದೊಡ್ಡವ್ವ, ಅದು ಬರಲಿ ಬಿಡಲಿ, ಏನೂ ಫರಕು ಆಗ್ತಿದ್ದಿಲ್ಲ.

"ಖರೇನ ಹೇಳ್ಲತ್ತಿ? ನನ್ನ ಸಮಾಧಾನಕ್ಕ ಹೇಳ್ಬ್ಯಾಡ."

"ಖರೇನೇ. ನೀ ಕೈ ಮಾಡಿ ಗಾಡಿ ನಿಂದ್ರಿಸಿದ್ರೂ ದೊಡ್ಡಪ್ಪ ಉಳೀತಿದ್ದಿಲ್ಲ."

ಸ್ವಲ್ಪ ಹೊತ್ತು ತಪ್ಪಲು ಸೋಸಿದಳು. ಎರಡು ವರ್ಷದ ಭಾರ ಇಳಿಯಿತೋ ಏನೋ, ಮುಖ ನೋಡಿದರೆ ತಿಳಿಯಲಿಲ್ಲ. ಆಮೇಲೆ ನಾನು ಎಣಿಸದ ಪ್ರಶ್ನೆ ಕೇಳಿದಳು.

"ಹಂಗಾರ ಈ ವಿಟಮಿನ್ ಅಂಬೋದು ಯಾವ ಬ್ಯಾನಿಗೂ ಬರಂಗಿಲ್ಲ? ನಮ್ಮ ಹುಡುಗಿಗೂ ಬರ್ತಿದ್ದಿಲ್ಲ?"

ನಮ್ಮಣ್ಣನಿಗಿಂತ ಮೊದಲು ಒಬ್ಬ ಅಕ್ಕ ಇದ್ದಳು. 1981ರಲ್ಲಿ, ಒಂದೂವರೆ ವರ್ಷದವಳಿದ್ದಾಗ ಗೊಬ್ಬರ ಎದ್ದು ಹೋದಳು. ನಮ್ಮ ಕಡೆ ಗೊಬ್ಬರ ಅಂದರೆ ಹೊಲಕ್ಕೆ ಹಾಕುವುದಲ್ಲ, ದಡಾರ. ಮೈತುಂಬ ಕೆಂಪು ಗುಳ್ಳೆ, ಕಣ್ಣು ಪಿಚ್ಚು, ಆಮೇಲೆ ಭೇದಿ, ಕೊನೆಗೆ ಎದೆ ಉಬ್ಬಸ. ಅಮ್ಮ ಬಂದಾಳ ಅಂತ ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದರು, ಎಣ್ಣೆ ಮುಟ್ಟಲಿಲ್ಲ, ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದರು. ಹತ್ತು ದಿನದೊಳಗೆ ಮುಗಿಯಿತು. ಹಿಂದೆ ಯಾವಾಗಲೋ ಒಬ್ಬ ನರ್ಸಮ್ಮ, "ಆ ವಿಟಮಿನ್ ಹಾಕಿಸಿದ್ರ ಉಳೀತಿತ್ತೇನೋ" ಅಂದಿದ್ದಳಂತೆ. ದೊಡ್ಡವ್ವ ಅದನ್ನು 30 ವರ್ಷ ಒಳಗಿಟ್ಟುಕೊಂಡಿದ್ದಳು.

ನಾನು ವಿಟಮಿನ್ ಸಿ ಹಿಂದೆ ಬಿದ್ದು ಈ ಎ ಕಡೆ ತಿರುಗಿ ನೋಡಿರಲೇ ಇಲ್ಲ. ಆ ರಾತ್ರಿ ಮಾಳಿಗೆ ಮೇಲೆ, ನೆಟ್‌ವರ್ಕ್ ಸಿಗುವ ಒಂದು ಮೂಲೆಯಲ್ಲಿ ಕೂತು ಓದಿದೆ. ಈ ಕಥೆ ಪೂರ್ತಿ ಉಲ್ಟಾ.

1928ರಲ್ಲೇ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ಮತ್ತು ಹ್ಯಾರಿ ಗ್ರೀನ್ ವಿಟಮಿನ್ ಎಗೆ "ಸೋಂಕು ತಡೆಯುವ ವಿಟಮಿನ್" ಅಂತ ಹೆಸರಿಟ್ಟಿದ್ದರು. ಲಂಡನ್ನಿನ ಗ್ರೋವ್ ಆಸ್ಪತ್ರೆಯಲ್ಲಿ ಜೋಸೆಫ್ ಎಲಿಸನ್ ಎಂಬ ಡಾಕ್ಟರ್ ಇದ್ದರು. ದಡಾರ ಬಂದು ದಾಖಲಾದ, ಐದು ವರ್ಷದೊಳಗಿನ 600 ಮಕ್ಕಳನ್ನು ಮುನ್ನೂರು ಮುನ್ನೂರು ಮಾಡಿ, ಒಂದು ಗುಂಪಿಗೆ ವಿಟಮಿನ್ ಎ ಹೆಚ್ಚಾಗಿ ಕೊಟ್ಟರು. ಆ ಗುಂಪಿನಲ್ಲಿ ಸತ್ತ ಮಕ್ಕಳು 11. ಇನ್ನೊಂದರಲ್ಲಿ 26. ಇದು ಅಚ್ಚಾಗಿದ್ದು 1932ರಲ್ಲಿ.

ಅದಾದ ಮೇಲೆ? ಮರೆತರು. ಸಲ್ಫಾ ಔಷಧಿ ಬಂತು, ಪೆನ್ಸಿಲಿನ್ ಬಂತು, ವಿಟಮಿನ್ ಎ ಅಂದರೆ ಕಣ್ಣು ಅಂತಾಯಿತು. ಯುಂಗೆಬ್ಲುಟ್‌ನ ಕೋತಿಗಳು ಪುಸ್ತಕದಿಂದ ಪುಸ್ತಕಕ್ಕೆ ಜಿಗಿದವು, ಎಲಿಸನ್‌ನ 600 ಮಕ್ಕಳು 50 ವರ್ಷ ಕಪಾಟಿನಲ್ಲಿ ಮಲಗಿದರು. ನನಗೆ ಸಿಟ್ಟು ಬರುವುದು ಇಲ್ಲಿ.

ನಮ್ಮ ಹತ್ತಿರದಲ್ಲೇ ಇನ್ನೊಂದು ಎಳೆ ಇದೆ. ಕೂನೂರಿನಲ್ಲಿದ್ದ ಪೋಷಣೆಯ ಸಂಶೋಧನಾ ಕೇಂದ್ರವನ್ನು 1958ರಲ್ಲಿ ಹೈದರಾಬಾದಿಗೆ ತಂದರು. ಅದಕ್ಕೂ ಎರಡು ವರ್ಷ ಮುಂಚೆ, 1956ರವರೆಗೆ, ನಾವೂ ಹೈದರಾಬಾದ್ ರಾಜ್ಯದವರೇ. 1969ರಲ್ಲಿ ಅದು ರಾಷ್ಟ್ರೀಯ ಪೋಷಣೆ ಸಂಸ್ಥೆ ಆಯಿತು. ಇರುಳುಗಣ್ಣು ತಡೆಯಲು ದೊಡ್ಡ ಡೋಸ್ ವಿಟಮಿನ್ ಎಯನ್ನು ಚಮಚೆಯಲ್ಲಿ ಕುಡಿಸಬಹುದು ಎಂದು ಅಲ್ಲಿನವರು ಹಳ್ಳಿಗಳಲ್ಲಿ ಮಾಡಿ ತೋರಿಸಿದರು. 1970ರಲ್ಲಿ ಸರ್ಕಾರದ ಕಾರ್ಯಕ್ರಮವೂ ಶುರುವಾಯಿತು. ಗುರಿ ಮಾತ್ರ ಕಣ್ಣು, ಜೀವ ಅಲ್ಲ. ನಮ್ಮ ಮನೆಗೆ 1981ರವರೆಗೆ ಆ ಚಮಚೆ ಬಂದ ನೆನಪು ದೊಡ್ಡವ್ವನಿಗೆ ಇಲ್ಲ.

ಕಣ್ಣಿನಾಚೆ ನೋಡಿದ್ದು ಕಣ್ಣಿನ ಡಾಕ್ಟರೇ. ಆಲ್ಫ್ರೆಡ್ ಸೋಮರ್ ಇಂಡೋನೇಷ್ಯಾದ 450 ಹಳ್ಳಿಗಳಲ್ಲಿ ಕೆಲಸ ಮಾಡಿ, ವಿಟಮಿನ್ ಎ ಕೊಟ್ಟ ಊರುಗಳಲ್ಲಿ ಮಕ್ಕಳ ಸಾವು ಮೂರನೇ ಒಂದು ಭಾಗ ಕಡಿಮೆ ಎಂದು 1986ರಲ್ಲಿ ತೋರಿಸಿದರು. 1987ರಲ್ಲಿ ತಾಂಜಾನಿಯಾದ ಆಸ್ಪತ್ರೆಯೊಂದರಲ್ಲಿ ದಡಾರದ ಮಕ್ಕಳಿಗೆ ಕೊಟ್ಟಾಗಲೂ ಸಾವು ಕಡಿಮೆ ಕಂಡಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್, ದಡಾರದಿಂದ ಸಾವು ಹೆಚ್ಚಿರುವ ಕಡೆ ವಿಟಮಿನ್ ಎ ಕೊಡಿ ಎಂದವು. 1990ರಲ್ಲಿ ಕೇಪ್‌ಟೌನಿನ ಪ್ರಯೋಗ ಬಂತು: ದಡಾರ ಜೋರಾಗಿ ದಾಖಲಾದ 189 ಮಕ್ಕಳು. ವಿಟಮಿನ್ ಎ ಪಡೆದ 92ರಲ್ಲಿ ಸತ್ತವರು 2, ಪಡೆಯದ 97ರಲ್ಲಿ 10. ಚೀಟಿ ಎತ್ತಿ ಮಾಡಿದ ಪ್ರಯೋಗ ಇದು. ಮುಂದೆ ಎಲ್ಲವನ್ನೂ ಸೇರಿಸಿ ನೋಡಿದವರು ಹೇಳಿದ್ದು: ದೊಡ್ಡ ಡೋಸ್ ಒಂದೇ ಸಲ ಸಾಲದು, ಸಾಲಾಗಿ ಎರಡು ದಿನ ಕೊಡಬೇಕು. ಹೆಚ್ಚು ಲಾಭ ಎರಡು ವರ್ಷದೊಳಗಿನ ಮಕ್ಕಳಿಗೆ.

ಒಂದೂವರೆ ವರ್ಷ. ಆ ಸಾಲಿನ ಮೇಲೆ ಬಹಳ ಹೊತ್ತು ನಿಂತೆ.

ಇಲ್ಲಿ ಯಾಕೆ ಕೆಲಸ ಮಾಡಿತು, ಅಲ್ಲಿ ಯಾಕೆ ಮಾಡಲಿಲ್ಲ? ಗಂಟಲು, ಶ್ವಾಸನಾಳ, ಕರುಳು, ಕಣ್ಣು, ಇವುಗಳ ಒಳಪದರ ಮತ್ತೆ ಮತ್ತೆ ಹುಟ್ಟಲು ವಿಟಮಿನ್ ಎ ಬೇಕು. ದಡಾರದ ವೈರಸ್ ಹಾಳುಮಾಡುವುದು ಇವೇ ಪದರಗಳನ್ನು. ಬೇನೆ ಬಂದಾಗ ಮೈಯಲ್ಲಿದ್ದ ವಿಟಮಿನ್ ಎ ಬೇಗ ಖರ್ಚಾಗುತ್ತದೆ. ಬರೀ ಜೋಳದ ರೊಟ್ಟಿ, ನೀರು ಸಾರಿನಲ್ಲಿ ಬೆಳೆದ ಕೂಸಿನ ಗಂಟಿನಲ್ಲಿ ಮೊದಲೇ ಅದು ಇರುವುದಿಲ್ಲ. ಜೊತೆಗೆ ಎಣ್ಣೆ ಇಲ್ಲದೆ ಈ ವಿಟಮಿನ್ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಾವು ಅದನ್ನೂ ನಿಲ್ಲಿಸಿರುತ್ತೇವೆ. ಅಂದರೆ ಇಲ್ಲಿ ಕೊರತೆ ಬೇನೆಗಿಂತ ಮೊದಲಿಂದಲೂ ಇತ್ತು, ಅದನ್ನು ತುಂಬಿದರೆ ಕೂಸು ಎದ್ದಿತು. ದೊಡ್ಡಪ್ಪನದು ಹಾಗಲ್ಲ. ದಿನಾ ಹಸಿಮೆಣಸಿನಕಾಯಿ, ನಿಂಬೆಹಣ್ಣು ಬಿಟ್ಟು ಉಂಡವರೇ ಅಲ್ಲ ಅವರು.

ಆರೋಗ್ಯವಾಗಿರುವ ಮಕ್ಕಳಿಗೆಲ್ಲ ಆರು ತಿಂಗಳಿಗೊಮ್ಮೆ ಕೊಡುವ ಬಗ್ಗೆ ಜಗಳ ಇನ್ನೂ ಇದೆ, ಅದನ್ನು ಮುಚ್ಚಿಡಬಾರದು. 1990ರಲ್ಲಿ ತಿರುಚಿರಾಪಳ್ಳಿ ಕಡೆ ವಾರ ವಾರ ಸ್ವಲ್ಪ ಸ್ವಲ್ಪ ಕೊಟ್ಟು ಮಕ್ಕಳ ಸಾವು ನೂರಕ್ಕೆ 54 ಇಳಿಯಿತು ಎಂದರು. ಅದೇ ವರ್ಷ ಹೈದರಾಬಾದಿನವರು ದೊಡ್ಡ ಡೋಸ್ ಕೊಟ್ಟು ಫರಕು ಕಾಣಲಿಲ್ಲ ಎಂದರು. 2013ರಲ್ಲಿ ಉತ್ತರ ಪ್ರದೇಶದ 10 ಲಕ್ಷ ಮಕ್ಕಳ ಲೆಕ್ಕ ಬಂದಾಗ ಇಳಿಕೆ ನೂರಕ್ಕೆ 4 ಮಾತ್ರ. ಆದರೆ ದಡಾರ ಬಂದು ಮಲಗಿದ ಕೂಸಿಗೆ ಕೊಡಬೇಕು ಅನ್ನುವುದರಲ್ಲಿ ಆ ಜಗಳ ಇಲ್ಲ.

ಬೆಳಗ್ಗೆ ಚಹಾ ಕೊಟ್ಟು ದೊಡ್ಡವ್ವ ಮತ್ತೆ ಎದುರು ಕೂತಳು. ಉತ್ತರ ಬೇಕಿತ್ತು ಅವಳಿಗೆ. ಗ್ರೋವ್ ಆಸ್ಪತ್ರೆಯಲ್ಲಿ ವಿಟಮಿನ್ ಕೊಟ್ಟರೂ 11 ಮಕ್ಕಳು ಹೋದವು, ಆದ್ದರಿಂದ ಒಂದು ಕೂಸಿನ ಬಗ್ಗೆ ಖಡಾಖಂಡಿತ ಹೇಳಲು ಬರುವುದಿಲ್ಲ. ಅದನ್ನೇ ಹೇಳಿದೆ. "ಉಳೀಬಹುದಿತ್ತು, ದೊಡ್ಡವ್ವ. ಗ್ಯಾರಂಟಿ ಇಲ್ಲ. ಆದ್ರ ಉಳೀಬಹುದಿತ್ತು."

"ಮತ್ತ ಯಾಕ ಕೊಡ್ಲಿಲ್ಲ?"

"ಆಗ ಡಾಕ್ಟರಿಗೂ ಗೊತ್ತಿರ್ಲಿಲ್ಲ. ಕೊಡ್ರಿ ಅಂತ ಹೇಳಿದ್ದೇ 1987ಕ್ಕ, ಅಕ್ಕ ಹೋಗಿ ಆರು ವರ್ಷಕ್ಕ."

1932ರ ಮಾತು ಹೇಳಲಿಲ್ಲ. ಆ 11 ಎಲ್ಲಿಯದು ಅಂತ ಅವಳೂ ಕೇಳಲಿಲ್ಲ. ಒಂದು ಭಾರ ಇಳಿಸಲು ಬಂದವ ಇನ್ನೊಂದು ಹೊರಿಸಿ ಬೆಂಗಳೂರಿಗೆ ಹೋಗುವುದು ನನ್ನಿಂದ ಆಗಲಿಲ್ಲ. ದೊಡ್ಡವ್ವನಿಗೆ ಓದಲು ಬರುವುದಿಲ್ಲ, ಇದು ಅವಳಿಗೆ ಮುಟ್ಟುವುದಿಲ್ಲ ಎಂಬ ಧೈರ್ಯದಿಂದ ಇಲ್ಲಿ ಬರೆಯುತ್ತಿದ್ದೇನೆ.

ಅವಳು ಎದ್ದು ಒಳಗೆ ಹೋದಳು. ಟ್ರಂಕಿನ ಸಪ್ಪಳ ಕೇಳಿತು. ಅಣ್ಣನ ಮಗಳ ತಾಯಿ ಕಾರ್ಡ್ ಹಿಡಿದುಕೊಂಡು ಬಂದಳು. ಹುಡುಗಿಗೆ ಎರಡು ವರ್ಷ ತುಂಬಿತ್ತು.

"ಇದ್ರಾಗ ಅದು ಬರ್ದಾರೇನ್ ನೋಡು."

ಬರೆದಿದ್ದರು. ಒಂಬತ್ತನೇ ತಿಂಗಳಿಗೆ ದಡಾರದ ಲಸಿಕೆ ಜೊತೆ ಮೊದಲ ಡೋಸ್ ಅರ್ಧ ಚಮಚೆ, ಒಂದೂವರೆ ವರ್ಷಕ್ಕೆ ಎರಡನೆಯದು ಪೂರ್ತಿ. ಎರಡಕ್ಕೂ ತಾರೀಖು ಹಾಕಿತ್ತು. ಐದು ವರ್ಷದೊಳಗೆ ಒಟ್ಟು ಒಂಬತ್ತು ಸಲ. ಮೂರನೇ ಮನೆ ಖಾಲಿ ಇತ್ತು.

"ಇದು ಯಾವಾಗ?"

"ಈಗೇ ಹಾಕಿಸ್ಬೇಕು."

ದೊಡ್ಡವ್ವ ಚಪ್ಪಲಿ ಮೆಟ್ಟಿದಳು. ಅಂಗನವಾಡಿ ತೆರೆಯಲು ಇನ್ನೂ ಒಂದು ತಾಸಿತ್ತು.